ಅಪ್ಪಾಜಿಯ ತಣ್ಣನೆ ಬೆವರು: ಶುಗರೋ, ಗ್ಯಾಸೋ, ಹೃದಯವೋ?

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆಯಲ್ಲಿದ್ದೇನೆ. ಅಪ್ಪಾಜಿ, ಅವ್ವ ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದಾರೆ. ಅಪ್ಪಾಜಿಗೆ 61 ವರ್ಷ. ಆರೇಳು ವರ್ಷದಿಂದ ಶುಗರ್ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ ತಗೊಳ್ತಾರೆ. ಎರಡು ತಿಂಗಳಿಂದ ಆಗಾಗ ಮಧ್ಯಾಹ್ನ ಊಟಕ್ಕೆ ಮುಂಚೆ ಹೊಲದಲ್ಲಿ ಕೈ ನಡುಗುತ್ತೆ, ಮೈ ತಣ್ಣಗಾಗಿ ಬೆವರುತ್ತೆ ಅಂತಾರೆ. ಬೆಲ್ಲ ತಿಂದರೆ ಸರಿಹೋಗುತ್ತೆ. ಆದರೆ ಕಳೆದ ವಾರ ರಾತ್ರಿ ಊಟ ಮಾಡಿ ಮಲಗಿದವರು ಎದ್ದು ಕೂತರಂತೆ. ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡ ಹಾಗೆ ಆಗಿ, ಬನಿಯನ್ ಹಿಂಡುವಷ್ಟು ಬೆವರು ಬಂತಂತೆ. ಮೈ ಮುಟ್ಟಿದರೆ ತಣ್ಣಗಿತ್ತಂತೆ. ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದರು, ಅದಕ್ಕೇ ಗ್ಯಾಸ್ ಆಗಿದೆ ಅಂತ ಅವ್ವ ಸೋಡಾ ಕುಡಿಸಿದ್ದಾರೆ. ಮುಕ್ಕಾಲು ಗಂಟೆಯಲ್ಲಿ ಕಮ್ಮಿಯಾಯಿತು. ಬೆಳಿಗ್ಗೆ ಎಂದಿನಂತೆ ಹೊಲಕ್ಕೆ ಹೋದರು. ನನಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. ಇದು ಶುಗರ್ ಬೆವರಾ, ಗ್ಯಾಸಾ? ಎಂಥ ಬೆವರು ಬಂದರೆ ಆಸ್ಪತ್ರೆಗೆ ಓಡಬೇಕು?

ಉತ್ತರ: ತಂಗಿ, ಇದನ್ನು ಪೂರ್ತಿ ಓದುವ ಮುಂಚೆ ಊರಿಗೆ ಫೋನ್ ಮಾಡಿ. ಅಪ್ಪಾಜಿಯನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ. ಜಗಳೂರಿನ ತಾಲ್ಲೂಕು ಆಸ್ಪತ್ರೆಯಾದರೂ ಸರಿ, ದಾವಣಗೆರೆಗೆ ಬಂದರೂ ಸರಿ, ಒಂದು ಇಸಿಜಿ ಆಗಲೇಬೇಕು. ಡಾಕ್ಟರ್ ನೋಡುವವರೆಗೆ ಹೊಲದ ಕೆಲಸ, ಮೂಟೆ ಎತ್ತುವುದು, ಬೀಡಿ ಸಿಗರೇಟು ಯಾವುದೂ ಬೇಡ.

ನೀವು ಎರಡೂ ಬೆವರನ್ನು ಒಂದೇ ತೊಂದರೆ ಅಂದುಕೊಂಡು ಬರೆದಿದ್ದೀರಿ. ನನಗೆ ಅವು ಬೇರೆ ಬೇರೆ ಅನ್ನಿಸುತ್ತವೆ. ಹೊಟ್ಟೆ ಖಾಲಿ ಇದ್ದಾಗ, ದುಡಿಯುವಾಗ ಬಂದು, ಕೈ ನಡುಗಿಸಿ, ಬೆಲ್ಲ ತಿಂದೊಡನೆ ಹೋಗುವ ಬೆವರು ಹೆಚ್ಚಾಗಿ ಸಕ್ಕರೆ ಇಳಿದಾಗ ಬರುವಂಥದ್ದು. ಅದನ್ನೂ ಸರಿಮಾಡಬೇಕು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ನನ್ನ ನಿದ್ದೆ ಕೆಡಿಸುವುದು ಆ ರಾತ್ರಿಯ ಬೆವರು. ಊಟ ಆಗಿತ್ತು. ಮಲಗಿದ್ದರು. ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿತ ಬಂತು, ಮೈ ತಣ್ಣಗಾಗಿ ಬಟ್ಟೆ ಒದ್ದೆಯಾಯಿತು. 60 ದಾಟಿದ, ಶುಗರ್ ಇರುವ ಮನುಷ್ಯರಿಗೆ ಹೀಗಾಯಿತು ಅಂದರೆ ವೈದ್ಯರು ಮೊದಲು ಅನುಮಾನ ಪಡುವುದು ಹೃದಯವನ್ನೇ. ಹೃದಯ ಸರಿ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಗ್ಯಾಸಿನ ಮಾತು.

ಈ ಬೆವರು ಯಾಕೆ ತಣ್ಣಗಿರುತ್ತದೆ? ಬಿಸಿಲಲ್ಲಿ ದುಡಿದಾಗ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ. ಒಳಗಿನ ಬಿಸಿ ಚರ್ಮಕ್ಕೆ ಬರುತ್ತದೆ, ಬೆವರು ಆರುತ್ತಾ ಮೈ ತಂಪಾಗುತ್ತದೆ. ಆಗ ಮೈ ಮುಟ್ಟಿದರೆ ಬೆಚ್ಚಗಿರುತ್ತದೆ. ದೇಹದ ಒಳಗೆ ಏನೋ ಅಪಾಯವಾದಾಗ ಲೆಕ್ಕ ಬೇರೆ. ಹೃದಯಕ್ಕೆ ರಕ್ತ ಸಾಲದಿದ್ದಾಗ, ಸಕ್ಕರೆ ತೀರಾ ಇಳಿದಾಗ, ರಕ್ತ ಸೋರಿಹೋದಾಗ, ತೀವ್ರ ನೋವಾದಾಗ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ. ತುರ್ತಿಗೆಂದೇ ಇರುವ ನರಗಳು ಚುರುಕಾಗಿ, ಮಿದುಳಿಗೂ ಹೃದಯಕ್ಕೂ ರಕ್ತ ಉಳಿಸಲು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಬೆವರಿನ ಗ್ರಂಥಿಗಳನ್ನು ನಡೆಸುವುದೂ ಇದೇ ನರಜಾಲ. ಹಾಗಾಗಿ ಒಂದೇ ಹೊತ್ತಿಗೆ ಮೈ ತಣ್ಣಗಾಗುತ್ತದೆ, ಒದ್ದೆಯೂ ಆಗುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ ಅನ್ನುತ್ತಾರೆ, ಆದರೆ ನಮ್ಮ ಕಡೆಯವರ ಮೈಬಣ್ಣದಲ್ಲಿ ಅದು ಬೇಗ ಕಾಣುವುದಿಲ್ಲ. ತುಟಿ, ಉಗುರು, ಅಂಗೈ, ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಿ. ಅಲ್ಲಿ ಬಣ್ಣ ಇಳಿದಿರುತ್ತದೆ.

ಹೃದಯ ಅಂದರೆ ಎದೆಯ ಎಡಗಡೆ ನೋವು, ಎಡಗೈ ಸೆಳೆತ ಅಂತ ಎಲ್ಲರಿಗೂ ಗೊತ್ತು. ಆದರೆ ಹೃದಯದ ಕೆಳಗಿನ ಗೋಡೆ ಹೊಟ್ಟೆಗೆ ತೀರಾ ಹತ್ತಿರ. ಅಲ್ಲಿ ರಕ್ತ ಕಟ್ಟಿದರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಬರಬಹುದು. ವಾಕರಿಕೆ, ವಾಂತಿ, ತೇಗು ಕೂಡ ಬರಬಹುದು. ಕೆಲವರಿಗೆ ದವಡೆ, ಗಂಟಲು, ಎರಡು ಭುಜದ ನಡುವೆ ಬೆನ್ನು ಹಿಡಿಯುತ್ತದೆ. ತುಂಬಾ ವರ್ಷದಿಂದ ಶುಗರ್ ಇರುವವರಲ್ಲಿ ನರಗಳು ಮಂಕಾಗಿ ನೋವೇ ಗೊತ್ತಾಗದಿರಬಹುದು. ಅವರಿಗೆ ತಣ್ಣನೆ ಬೆವರು, ಏದುಸಿರು, ಇದ್ದಕ್ಕಿದ್ದಂತೆ ಬಂದ ವಿಪರೀತ ಸುಸ್ತು ಇಷ್ಟೇ ಸುಳಿವು. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಕೂಡ ಹೀಗಾಗುವುದು ಜಾಸ್ತಿ. ನಿಮ್ಮ ಅವ್ವನಿಗೂ ಇದನ್ನು ಹೇಳಿ. ಮನೆಯವರ ಬೆವರು ಒರೆಸುವ ಹೆಂಗಸರು ತಮಗೆ ಬೆವರು ಬಂದಾಗ ಯಾರಿಗೂ ಹೇಳುವುದಿಲ್ಲ.

ಸೋಡಾ ಕುಡಿದ ಮೇಲೆ ಕಮ್ಮಿಯಾಯಿತಲ್ಲ ಅಂತ ನೀವು ಕೇಳಬಹುದು. ಹೃದಯದ ರಕ್ತನಾಳ ಅರ್ಧ ಕಟ್ಟಿಕೊಂಡು ಮತ್ತೆ ಬಿಟ್ಟರೂ ನೋವು ತಾನಾಗಿ ಹೋಗುತ್ತದೆ. ಆ ಹೊತ್ತಿಗೆ ಸೋಡಾ ಕುಡಿದಿದ್ದರೆ ಸೋಡಾಕ್ಕೆ ಹೆಸರು, ಜೀರಿಗೆ ಕಷಾಯ ಕುಡಿದಿದ್ದರೆ ಕಷಾಯಕ್ಕೆ ಹೆಸರು. ಹಾಗೆ ಬಂದು ಹೋದ ನೋವಿನ ನಂತರದ ದಿನಗಳಲ್ಲೇ ದೊಡ್ಡ ಹೃದಯಾಘಾತದ ಅಪಾಯ ಹೆಚ್ಚು. ಅದಕ್ಕೇ ಒಂದು ವಾರ ಕಳೆದಿದ್ದರೂ ಇವತ್ತೇ ಹೋಗಿ ಅಂದೆ.

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ನೋವಿಲ್ಲದ ಹೊತ್ತಿನಲ್ಲಿ ತೆಗೆದ ಒಂದು ಇಸಿಜಿ ನಾರ್ಮಲ್ ಬಂದರೆ ಹೃದಯ ಸರಿ ಇದೆ ಅಂತ ಅರ್ಥವಲ್ಲ. ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ, ಎಕೋ ಅನ್ನುವ ಹೃದಯದ ಸ್ಕ್ಯಾನ್, ಬೇಕಾದರೆ ಟ್ರೆಡ್‌ಮಿಲ್ ಪರೀಕ್ಷೆ ಅಥವಾ ಆಂಜಿಯೋಗ್ರಾಂ ಬೇಕಾ ಅಂತ ಫಿಜಿಷಿಯನ್ ಇಲ್ಲವೇ ಹೃದಯ ತಜ್ಞರು ತೀರ್ಮಾನ ಮಾಡಬೇಕು. ನೋವು ಇರುವಾಗಲೇ ಹೋದರೂ ಮೊದಲ ಇಸಿಜಿ ಸರಿ ಕಂಡರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಕೂಡ ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಅಲ್ಲಿ ಕಾಯಿಸುತ್ತಾರೆ ಅಂತ ಬೇಸರ ಮಾಡಿಕೊಂಡು ಎದ್ದು ಬರಬೇಡಿ.

ಈಗ, ರಾತ್ರಿ ಮತ್ತೆ ಹಾಗೇ ಆದರೆ? ತಕ್ಷಣ 108ಕ್ಕೆ ಫೋನ್ ಮಾಡಿ. ಅಪ್ಪಾಜಿಯನ್ನು ನಡೆಸಬೇಡಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿ. ದಾರಿಯಲ್ಲಿ ಎಚ್ಚರ ತಪ್ಪಿದರೆ ಬೈಕಿನ ಮೇಲೆ ಏನೂ ಮಾಡಲು ಆಗುವುದಿಲ್ಲ. ಆಂಬುಲೆನ್ಸ್ ತಡವಾಗುತ್ತೆ ಅಂತ ಗೊತ್ತಾದರೆ ಊರಿನಲ್ಲಿ ಯಾರದಾದರೂ ಕಾರು ಹುಡುಕಿ. ಉಸಿರು ಕಟ್ಟುತ್ತಿದ್ದರೆ ದಿಂಬಿಗೆ ಒರಗಿಸಿ ಕೂರಿಸಿ. ತಲೆ ಸುತ್ತಿ ಬೀಳುವ ಹಾಗಿದ್ದರೆ ಮಲಗಿಸಿ. ಆಸ್ಪಿರಿನ್ 300 ರಿಂದ 325 ಮಿಲಿಗ್ರಾಂ ಇದ್ದರೆ ಅಗಿದು ನುಂಗಲು ಕೊಡಬಹುದು, 75ರ ಮಾತ್ರೆ ಇದ್ದರೆ ನಾಲ್ಕು. ಆಸ್ಪಿರಿನ್ ಅಲರ್ಜಿ ಇದ್ದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿದ್ದರೆ, ಮಲ ಕಪ್ಪಗೆ ಬರುತ್ತಿದ್ದರೆ, ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದಿದ್ದರೆ ಅದು ಬೇಡ. ಇದನ್ನು ಇವತ್ತು ಆಸ್ಪತ್ರೆಗೆ ಹೋದಾಗಲೇ ಡಾಕ್ಟರ್ ಹತ್ತಿರ ಕೇಳಿ, ಮಾತ್ರೆ ತಂದು ಮನೆಯಲ್ಲಿ ಇಟ್ಟುಕೊಳ್ಳಿ.

ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ಕೊಡಬೇಡಿ. ತುಂಬಾ ಮನೆಗಳಲ್ಲಿ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ, ಎದೆನೋವು ಅಂದೊಡನೆ ಇಡುತ್ತಾರೆ. ತಣ್ಣನೆ ಬೆವರು ಬಂದವರ ಬಿಪಿ ಮೊದಲೇ ಇಳಿದಿರಬಹುದು. ಈ ಮಾತ್ರೆ ಅದನ್ನು ಇನ್ನೂ ಕೆಳಕ್ಕೆ ಎಳೆಯುತ್ತದೆ. ಹಾಗೆಯೇ ಸುಸ್ತಾಗಿದೆ ಅಂತ ಹತ್ತಿರದಲ್ಲಿ ಎಲ್ಲೋ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿ ಮಲಗಿಸುವುದೂ ಬೇಡ. ನಿತ್ರಾಣವಾದ ಹೃದಯಕ್ಕೆ ಆ ನೀರು ಹೊರೆಯಾಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಬಾಟ್ಲಿ ಇಳಿಯುವಷ್ಟು ಹೊತ್ತು ಸುಮ್ನೆ ಕೈಬಿಟ್ಟುಹೋಗುತ್ತದೆ.

ಹೊತ್ತಿನ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಎರಡು ಮೂರು ಗಂಟೆಯೊಳಗೆ ಸಿಕ್ಕರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. 12 ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನ ಕಮ್ಮಿ. ನಮ್ಮ ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅನ್ನುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ, ರಾತ್ರಿಯೂ ಸಿಗುತ್ತದಾ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಊರಿಂದ ದಾವಣಗೆರೆಗೆ ಬರುವ ದಾರಿ ನಮ್ಮ ಕೈಯಲ್ಲಿ ಕಿರಿದಾಗುವುದಿಲ್ಲ. ಆದರೆ ಗ್ಯಾಸಾ ಅಲ್ವಾ ಅಂತ ಕಟ್ಟೆಯ ಮೇಲೆ ಕೂತು ಕಳೆಯುವ ಹೊತ್ತು ನಮ್ಮದೇ. ಜೀವ ಹೋಗುವುದು ಹೆಚ್ಚಾಗಿ ಅಲ್ಲೇ.

ಇನ್ನು ಮಧ್ಯಾಹ್ನದ ಬೆವರು. ಗ್ಲಿಮೆಪಿರೈಡ್ ಮಾತ್ರೆ, ಸಕ್ಕರೆ ಇಳಿಸುವ ಇನ್ಸುಲಿನ್ನನ್ನು ದೇಹ ಹೆಚ್ಚು ಬಿಡುವಂತೆ ಮಾಡುತ್ತದೆ. ಅಪ್ಪಾಜಿ ಉಂಡಿದ್ದಾರಾ, ಇಲ್ಲವಾ ಅಂತ ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ, ಒಂದು ರೊಟ್ಟಿ ತಿಂದು, ಮಧ್ಯಾಹ್ನ ಎರಡರವರೆಗೆ ಕಳೆ ಕೀಳುತ್ತಾ ಕೂತರೆ ಸಕ್ಕರೆ ಇಳಿದೇ ಇಳಿಯುತ್ತದೆ. 70 ಮಿಲಿಗ್ರಾಂಗಿಂತ ಕೆಳಗಾದರೆ ಅದು ಲೋ ಶುಗರ್, 54ಕ್ಕಿಂತ ಕೆಳಗಾದರೆ ಅಪಾಯ. ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು ಬರುತ್ತದೆ. ಆಮೇಲೆ ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ಎಚ್ಚರ ತಪ್ಪುತ್ತದೆ. ಬಿಪಿಗೆ ಅಂತ ಮೆಟೊಪ್ರೊಲಾಲ್, ಅಟೆನೊಲಾಲ್ ತರದ ಮಾತ್ರೆ ತಗೊಳ್ಳುವವರಲ್ಲಿ ನಡುಕ, ಎದೆಬಡಿತ ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ಅಂಥವರ ಮನೆಯವರು ಬೆವರನ್ನೇ ಗಮನಿಸಬೇಕು.

ಎಚ್ಚರ ಇದ್ದು ನುಂಗಲು ಆಗುವುದಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸರಿಯಾದ ಮೇಲೆ ಊಟ ಮಾಡಿಸಿ. ಬೆಲ್ಲವೂ ಆಗುತ್ತದೆ, ಆದರೆ ಕರಗಿದ ಸಕ್ಕರೆ ಬೇಗ ಏರುತ್ತದೆ. ಶೇಂಗಾ ಚಿಕ್ಕಿ, ಚಾಕೊಲೇಟ್ ಈ ಹೊತ್ತಿಗೆ ಬೇಡ, ಅವುಗಳಲ್ಲಿರುವ ಎಣ್ಣೆ ಅಂಶ ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108 ಕರೆಯಿರಿ. ಗ್ಲಿಮೆಪಿರೈಡ್ ತರದ ಮಾತ್ರೆಯಿಂದ ತೀವ್ರವಾಗಿ ಇಳಿದ ಸಕ್ಕರೆ ಒಮ್ಮೆ ಏರಿದ ಮೇಲೂ ಕೆಲವು ಗಂಟೆಯಲ್ಲಿ ಮತ್ತೆ ಇಳಿಯಬಹುದು. ಅದಕ್ಕೇ ಅಂಥವರನ್ನು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ನೋಡುತ್ತಾರೆ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಎರಡು ತಿಂಗಳಿಂದ ಹೀಗಾಗುತ್ತಿದೆ ಅಂದರೆ ಪ್ರಮಾಣ ಕಮ್ಮಿ ಮಾಡಬೇಕಾ, ಮಾತ್ರೆಯನ್ನೇ ಬದಲಿಸಬೇಕಾ, ಮೂತ್ರಪಿಂಡ ಹೇಗಿದೆ ಅಂತ ಡಾಕ್ಟರ್ ನೋಡಲೇಬೇಕು. ಕಿಡ್ನಿ ಸೋತಿದ್ದರೆ ಔಷಧಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮಾತ್ರೆಯ ಲೆಕ್ಕವನ್ನು ಮೊದಲೇ ಕೇಳಿಕೊಳ್ಳಬೇಕು. ಒಂದು ಗ್ಲುಕೋಮೀಟರ್ ತಂದು ಅವ್ವನಿಗೆ ಕಲಿಸಿಕೊಡಿ.

ಮೀಟರ್ ಇಲ್ಲ, ಬೆವರು ಬಂದಿದೆ, ಸಕ್ಕರೆ ಇಳಿದಿದೆಯಾ ಹೃದಯವಾ ಗೊತ್ತಾಗುತ್ತಿಲ್ಲ ಅಂದರೆ ಏನು ಮಾಡುವುದು? ಎಚ್ಚರ ಇದ್ದರೆ ಸಕ್ಕರೆ ನೀರು ಕೊಟ್ಟುಬಿಡಿ. ಅಷ್ಟು ಸಕ್ಕರೆಯಿಂದ ಆ ಹೊತ್ತಿಗೆ ಕೆಡುಕಿಲ್ಲ, ಇಳಿದ ಸಕ್ಕರೆಯನ್ನು ಹಾಗೇ ಬಿಟ್ಟರೆ ಮಿದುಳಿಗೆ ಪೆಟ್ಟು. ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಹೃದಯ ಅಂತಲೇ ತಿಳಿದು ಹೊರಡಿ. ಎದೆ, ಹೊಟ್ಟೆಯ ಮೇಲ್ಭಾಗ, ದವಡೆ, ಬೆನ್ನು ಎಲ್ಲಾದರೂ ಹಿಡಿತ ಇದ್ದರೆ, ಅಥವಾ ಉಸಿರು ಕಟ್ಟುತ್ತಿದ್ದರೆ ಆ ಹದಿನೈದು ನಿಮಿಷವನ್ನೂ ಕಾಯಬೇಡಿ.

ನಿಮ್ಮ ಕಡೆಯ ಹೊಲಗಳಲ್ಲಿ ತಣ್ಣನೆ ಬೆವರಿಗೆ ಇನ್ನೆರಡು ಕಾರಣಗಳಿವೆ. ಒಂದು ಚೇಳು. ಜಗಳೂರು, ಮೊಳಕಾಲ್ಮೂರು, ಚಿತ್ರದುರ್ಗದ ಕಲ್ಲು ನೆಲದಲ್ಲಿ, ಸೌದೆ ರಾಶಿಯಲ್ಲಿ ಚೇಳು ಕುಟುಕುವುದು ಹೊಸದಲ್ಲ. ಬಹಳಷ್ಟು ಸಲ ಉರಿ, ನೋವು ಇಷ್ಟರಲ್ಲೇ ಮುಗಿಯುತ್ತದೆ. ಆದರೆ ಕೆಂಪು ಚೇಳಿನ ವಿಷ ಮೈಯ ಅದೇ ತುರ್ತು ನರಗಳನ್ನು ಕೆರಳಿಸುತ್ತದೆ. ಮೈಯೆಲ್ಲ ಬೆವರಿ, ಕೈಕಾಲು ತಣ್ಣಗಾಗಿ, ವಾಂತಿಯಾಗಿ, ಕೆಲವು ಗಂಟೆಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಕ್ಕಳಿಗೆ ಇದು ಪ್ರಾಣಕ್ಕೇ ಬರುತ್ತದೆ. ಇದಕ್ಕೆ ಪ್ರಾಜೋಸಿನ್ ಅನ್ನುವ ಸಾಮಾನ್ಯ ಮಾತ್ರೆ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಹಳ್ಳಿಯ ರೋಗಿಗಳ ನಡುವೆಯೇ ಕೂತು ಮಾಡಿದ ಕೆಲಸ ಅದು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೇಳು ಕುಟುಕಿದ ಮಗು ಬೆವರಿ ವಾಂತಿ ಮಾಡಿಕೊಂಡರೆ ಮಂತ್ರ, ಬೇರು ಅಂತ ನಿಲ್ಲದೆ ನೇರ ಆಸ್ಪತ್ರೆಗೆ ಒಯ್ಯಿರಿ. ಕುಯ್ಯುವುದು, ಕಟ್ಟುವುದು ಯಾವುದೂ ಬೇಡ.

ಇನ್ನೊಂದು ಕಾರಣ, ಬೆಳೆಗೆ ಔಷಧಿ ಹೊಡೆಯುವುದು. ಮೆಕ್ಕೆಜೋಳಕ್ಕೆ, ಹತ್ತಿಗೆ, ಈರುಳ್ಳಿಗೆ ಕೀಟನಾಶಕ ಹೊಡೆದು ಬಂದವರು ಬೆವರುತ್ತಿದ್ದಾರೆ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಾಂತಿ ಭೇದಿ, ಎದೆ ಬಿಗಿತ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ ಅಂದರೆ ಅದು ವಿಷ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ತರದ ಔಷಧಿಗಳು ಕುಡಿಯಬೇಕಾಗಿಯೇ ಇಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತವೆ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರ್ ಆದರೂ ಹಾಕಿಕೊಳ್ಳಲಿ. ವಾಂತಿ ಮಾಡಿಸಬೇಡಿ. ಔಷಧಿ ಡಬ್ಬಿಯನ್ನು ಜೊತೆಗೆ ತಗೊಂಡು ಹೋಗಿ. ಅಟ್ರೋಪಿನ್ ಇಂಜೆಕ್ಷನ್ ಬೇಗ ಸಿಕ್ಕರೆ ಇವರನ್ನು ಉಳಿಸಬಹುದು.

ಡೆಂಗಿಯಲ್ಲಿ ಜನ ಮೋಸ ಹೋಗುವುದು ಜ್ವರ ಬಿಟ್ಟ ದಿನ. ನಾಲ್ಕೈದು ದಿನದ ಮೇಲೆ ಜ್ವರ ಇಳಿದು, ಅದೇ ಹೊತ್ತಿಗೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಚಡಪಡಿಕೆ, ತಣ್ಣನೆ ಒದ್ದೆ ಕೈಕಾಲು ಕಂಡರೆ ಜ್ವರ ವಾಸಿಯಾಯಿತು ಅಂತ ಸಮಾಧಾನಪಡುವ ಹೊತ್ತಲ್ಲ ಅದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕೆಳಹೊಟ್ಟೆಯಲ್ಲಿ ತೀವ್ರ ನೋವು ಬಂದು, ತಲೆ ಸುತ್ತಿ, ಮೈ ತಣ್ಣಗಾಗಿ ಬೆವರಿದರೆ ಗರ್ಭ ನಾಳದಲ್ಲಿ ಕಟ್ಟಿ ಒಡೆದಿರಬಹುದು. ಇವೆರಡರಲ್ಲೂ ತಕ್ಷಣ ಹೊರಡಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟಾಗ ಬೆವರು, ನಡುಕ ಶುರುವಾದರೆ ಅದನ್ನೂ ಮನೆಯಲ್ಲೇ ತಡೆದುಕೊಳ್ಳುವುದು ಸರಿಯಲ್ಲ. ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು.

ಎಲ್ಲ ತಣ್ಣನೆ ಬೆವರೂ ಅಪಾಯವಲ್ಲ. ನಾಯಕನಹಟ್ಟಿ ಜಾತ್ರೆಯ ಬಿಸಿಲಲ್ಲಿ ಹೊತ್ತುಗಟ್ಟಲೆ ನಿಂತಾಗ, ರಕ್ತ ಕೊಡುವಾಗ ಸೂಜಿ ನೋಡಿ, ಕೆಲವರಿಗೆ ಕಣ್ಣು ಕತ್ತಲೆ ಬಂದು ಬೆವರುತ್ತದೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ನಿಮಿಷಗಳಲ್ಲಿ ಸರಿಹೋಗುತ್ತಾರೆ. ಬಿಸಿಲಿಗೆ ಬಳಲಿದವರನ್ನು ನೆರಳಿಗೆ ತಂದು ಓಆರ್‌ಎಸ್ ಕುಡಿಸಿ. ಅವರು ತಡಬಡಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ ಮೈಗೆ ನೀರು ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಭಯದಿಂದ ಬರುವ ಪ್ಯಾನಿಕ್ ಅಟ್ಯಾಕ್‌ನಲ್ಲೂ ಬೆವರು, ಎದೆಬಡಿತ, ಬೆರಳು ಜುಮ್ಮೆನ್ನುವುದು ಇರುತ್ತದೆ, ಹತ್ತು ನಿಮಿಷದಲ್ಲಿ ಏರಿ ನಿಧಾನಕ್ಕೆ ಇಳಿಯುತ್ತದೆ. ಆದರೆ 40 ದಾಟಿದವರಿಗೆ ಮೊದಲ ಸಲ ಹೀಗಾದರೆ ಟೆನ್ಷನ್ ಅಂತ ಹೇಳುವ ಮುಂಚೆ ಇಸಿಜಿ ಆಗಲಿ. ವಾರಗಟ್ಟಲೆ ರಾತ್ರಿ ಹೊತ್ತು ಹಾಸಿಗೆ ಒದ್ದೆಯಾಗುತ್ತಿದ್ದು, ಜೊತೆಗೆ ಎರಡು ವಾರದ ಕೆಮ್ಮು, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಬೇಕು. ಅದಕ್ಕೆ ರಾತ್ರೋರಾತ್ರಿ ಓಡಬೇಕಿಲ್ಲ, ಆ ವಾರದಲ್ಲೇ ತೋರಿಸಿ.

ಅಪ್ಪಾಜಿ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ ಅನ್ನಬಹುದು. ಈಗ ಆರಾಮಿದೀನಿ, ಸುಮ್ನೆ ದುಡ್ಡು ದಂಡ ಅನ್ನಬಹುದು. ಹೆದರಿಸಿ ಹೇಳಬೇಡಿ, ಶುಗರ್ ಮಾತ್ರೆ ಬದಲಿಸಬೇಕಂತೆ, ಅದಕ್ಕೆ ಒಂದು ಇಸಿಜಿಯೂ ಬೇಕಂತೆ ಅನ್ನಿ. ಅದು ಸುಳ್ಳೂ ಅಲ್ಲ. ಹೋಗುವಾಗ ಎಲ್ಲ ಮಾತ್ರೆಗಳ ಚೀಟಿ, ಹಳೇ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ತಗೊಂಡು ಹೋಗಿ. ಸಾಧ್ಯವಾದರೆ ನೀವೇ ಜೊತೆಗಿರಿ. ಅವರು ಡಾಕ್ಟರ್ ಮುಂದೆ ಗ್ಯಾಸ್ ಆಗಿತ್ತು ಸಾರ್, ಈಗಿಲ್ಲ ಅಂತ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆಗ ನೀವು ನನಗೆ ಬರೆದ ಹಾಗೇ ಹೇಳಿ: ಯಾವ ರಾತ್ರಿ, ಎಷ್ಟು ಹೊತ್ತಿಗೆ, ಎಲ್ಲಿ ಹಿಡಿದಿತ್ತು, ಮೈ ತಣ್ಣಗಿತ್ತು, ಬನಿಯನ್ ಹಿಂಡುವಷ್ಟು ಒದ್ದೆಯಾಗಿತ್ತು, ಮುಕ್ಕಾಲು ಗಂಟೆ ಇತ್ತು. ಮಧ್ಯಾಹ್ನದ ನಡುಕವನ್ನು ಬೇರೆಯಾಗಿಯೇ ಹೇಳಿ. ಇಸಿಜಿಯ ಒಂದು ಪ್ರತಿ ಕೇಳಿ ತಗೊಂಡು, ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಮುಂದೆ ಯಾವಾಗಲಾದರೂ ತೆಗೆದ ಇಸಿಜಿಯ ಜೊತೆ ಅದನ್ನು ಹೋಲಿಸಿ ನೋಡಲು ಡಾಕ್ಟರಿಗೆ ಬೇಕಾಗುತ್ತದೆ.